ಪಕ್ಕದ ಕೋಣೆಯ ಬಾಗಿಲು

ಕ್ಲೈವ್,

ನಾನು ಆಸ್ಪತ್ರೆಯ ಕೆಲಸಕ್ಕೆ ಹೊರಟೆ. ನಮ್ಮ ಮಗಳು ನೆರಿಸಾಳ ಮಿಡಲ್ ಸ್ಕೂಲ್ ಅರ್ಜಿಗೆ ಇವತ್ತು ಸಂಜೆ ಐದು ಗಂಟೆಯೇ ಗಡುವು. ನೀನೇ ಕಳಿಸಬೇಕು.

ಅರ್ಜಿಯ ಶಾಲೆಗಳ ಪಟ್ಟಿಯಲ್ಲಿ ಪಾರ್ಕಿನಾಚೆಯ ಶಾಲೆಯನ್ನು ಮೊದಲಿಟ್ಟಿದ್ದೀಯ, ಅಲ್ಲಿ ಜಾಣ ಮಕ್ಕಳಿಗೆ ಬೇರೆ ತರಗತಿ ಇದೆ ಎಂದು. ನಿನ್ನೆ ಆ ತರಗತಿಯನ್ನು ನೋಡಿಬಂದೆ, ಚೆನ್ನಾಗಿದೆ. ಅದರ ಪಕ್ಕದ ಕೋಣೆಯ ಬಾಗಿಲನ್ನು ಮಾತ್ರ ಶಾಲೆಯವರು ತೆರೆಯಲಿಲ್ಲ. ನಾನೇ ತೆರೆದೆ. ಮೂವತ್ತು ಮಕ್ಕಳಿದ್ದರು, ಮೇಷ್ಟ್ರಿರಲಿಲ್ಲ. ಒಬ್ಬ ಹುಡುಗಿ, “ಮಿಸ್, ನೀವ್ ನೋಡ್ಬೇಕಾಗಿರೋದು ಆ ಕ್ಲಾಸು, ನಮ್ದಲ್ಲ” ಅಂದಳು.

ಯಾರು ಯಾವ ಕೋಣೆಗೆ ಎಂಬುದು ಗೊತ್ತಾಗುವುದು ಶಾಲೆಗೆ ಸೇರಿ ಪರೀಕ್ಷೆ ಬರೆದ ಮೇಲೆ. ಶಾಲೆಯ ಮಾಹಿತಿಯಲ್ಲಿ ಅದಿತ್ತು, ನೀನು ಓದಿರಲಿಲ್ಲ.

ನಮ್ಮ ಬೀದಿಯ ಶಾಲೆಯಲ್ಲಿ ಎಲ್ಲರಿಗೂ ಒಂದೇ ಕೋಣೆ, ಒಂದೇ ಬೀಜಗಣಿತ. “ಅಲ್ಲಿ ಹೋದ್ರೆ ಹಿಂದೆ ಬೀಳ್ತಾಳೆ ಕಣೇ” ಅಂದೆಯಲ್ಲ, ನಾನು ನೋಡಲು ಹೋದಾಗ ಅಲ್ಲಿಯ ಗಣಿತದ ಮೇಡಂ ಲೆಕ್ಕ ತಪ್ಪಿದವಳನ್ನೇ ಬೋರ್ಡಿಗೆ ಕರೆದು ಬಿಡಿಸಲು ಹೇಳಿದರು. ತರಗತಿಯಲ್ಲಿ ಯಾರೂ ನಗಲಿಲ್ಲ. ಆ ಶಾಲೆಯನ್ನೇ ಮೊದಲಿಗೆ ಹಾಕು.

ಕಳಿಸುವ ಮುಂಚೆ ನೆರಿಸಾಗೆ ತೋರಿಸು. ಒಲೆಯ ಮೇಲೆ ಕಾಳು ಹಾಕಿದ ಅನ್ನವಿದೆ, ಬಿಸಿ ಮಾಡಿಕೊಳ್ಳಿ. ಕಳಿಸಿದ ಮೇಲೆ ಮೆಸೇಜ್ ಮಾಡು. ಕಳಿಸಿದೆಯಾ ಎಂದು ನಾನು ಎರಡು ಸಲ ಕೇಳಿದರೆ ರೇಗಬೇಡ. ಬಾಗಿಲಿಗೆ ಬೀಗ ಹಾಕಿದ ಮೇಲೂ ಹಿಂತಿರುಗಿ ನೋಡುವವಳು ನಾನು. ಈ ಶಾಲೆಯ ಆಯ್ಕೆಯಲ್ಲಿ ಮಾತ್ರ ಹಿಂತಿರುಗಿ ನೋಡುವುದಿಲ್ಲ.

ಪೆಟ್ರೀನಾ