ಸೇರಿಸಿ ಬರೆದ ತಲೆ

ಶಿವಾರಪಟ್ಟಣ, ಮಾಲೂರು ತಾಲ್ಲೂಕು
9-2-1941

ಪ್ರೀತಿಯ ಮುನಿಯಲ್ಲಕ್ಕನಿಗೆ ತಮ್ಮ ಕದಿರಪ್ಪನ ನಮಸ್ಕಾರಗಳು.

ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನೂ ತಪ್ಪುಗಳನ್ನೂ ಮನ್ನಿಸು. ನಾಲ್ಕನೆಯ ಕ್ಲಾಸಿನ ಆಚೆ ನನ್ನನ್ನು ಯಾರೂ ತಿದ್ದಿಲ್ಲ. ಶ್ರೀನಿವಾಸಪುರದಲ್ಲಿ ನೀವೆಲ್ಲ ಕ್ಷೇಮವೇ? ನಿನ್ನ ಮಂಡಿನೋವು ಹೇಗಿದೆ? ಅಮ್ಮ ಚೆನ್ನಾಗಿದ್ದಾಳೆ, ಎಳ್ಳೆಣ್ಣೆ ಹಚ್ಚಿಕೋ ಎಂದು ಬರೆಯಲು ಹೇಳಿದಳು.

ಜನಗಣತಿಗೆ ಮುಂಚೆ ನಮ್ಮೂರಿನ ಮತ್ತು ಪಕ್ಕದ ಹಳ್ಳಿಯ ಮನೆಪಟ್ಟಿ ಬರೆಯಲು ಶಾನುಭೋಗರು ನನ್ನನ್ನು ಹಾಕಿಕೊಂಡಿದ್ದಾರೆ. ಯಾವ ಮನೆಯಲ್ಲಿ ಎಷ್ಟು ತಲೆ ಎಂದು ಕೇಳಿ ಬರೆಯುವುದಷ್ಟೇ ಕೆಲಸ. ಆದರೆ ಬಾಗಿಲಲ್ಲಿ ನಿಂತು ಕೇಳುವುದೇ ನನಗೆ ಕಷ್ಟ, ನೀನು ಬಲ್ಲೆ. ಕಲ್ಲುಕೆತ್ತುವವರ ಬೀದಿಯಲ್ಲಿ ಎರಡು ಮನೆಗೆ ಬೀಗವಿತ್ತು. ಮತ್ತೆ ಹೋಗದೆ, ಪಕ್ಕದ ಮನೆಯಷ್ಟೇ ಇರಬಹುದೆಂದು ಐದೈದು ಬರೆದೆ. ಇನ್ನು ಮಕ್ಕಳ ಲೆಕ್ಕ. ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆಂದು ನಮ್ಮ ಕಡೆಯ ತಾಯಂದಿರು ಒಬ್ಬರನ್ನು ಬಿಟ್ಟೇ ಹೇಳುತ್ತಾರಲ್ಲ. ನಾವು ಮೂವರಿದ್ದರೂ ಅಮ್ಮ 'ಎಲ್ಡೇ ಕಣಮ್ಮ' ಎನ್ನುತ್ತಿರಲಿಲ್ಲವೇ? ಅದು ತಿಳಿದವನೆಂಬ ಜಂಬದಲ್ಲಿ, ಯಾರನ್ನೂ ಕೆದಕದೆ, ಮನೆಮನೆಗೂ ಒಂದು ಸೇರಿಸುತ್ತ ಹೋದೆ. ಶಾನುಭೋಗರು 'ಪರ್ವಾಗಿಲ್ಲ ಕಣೋ, ಮೂಗನಂಗಿದ್ರೂ ಬುದ್ಧಿವಂತ' ಎಂದರು.

ಆಮೇಲೆ ಪಟ್ಟಿಯನ್ನು ಮನೆಮನೆಯಲ್ಲಿ ಓದಿ ಹೇಳಿ ಬಾ ಎಂದು ಕಳಿಸಿದರು. ಪಕ್ಕದ ಹಳ್ಳಿಗೆ ಕೊಟ್ಟ ನಿನ್ನ ಗೆಳತಿ ಅಶ್ವತ್ಥಮ್ಮ ಎರಡು ಮಕ್ಕಳು ಎಂದಿದ್ದಳು, ನಾನು ಮೂರು ಮಾಡಿದ್ದೆ. ಹಾಗೆಯೇ ಓದಿದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, 'ಮೂರ್ನೇದು ಎಲ್ಲೈತೆ, ತೋರ್ಸಪ್ಪ' ಎಂದಳು. ಅವಳ ಕಿರಿಮಗು ಸಂಕ್ರಾಂತಿಗೆ ಮುಂಚೆ ಜ್ವರದಲ್ಲಿ ಹೋಯಿತಂತೆ, ನಿನಗೂ ತಿಳಿದಿರಲಾರದು. ಅವಳು ಯಾರನ್ನೂ ಬಚ್ಚಿಟ್ಟಿರಲಿಲ್ಲ. ಊರಿಗೆಲ್ಲ ಹೊಂದುವ ತಿದ್ದುಪಡಿ ಆ ಮನೆಗೆ ಹೊಂದಲಿಲ್ಲ, ಅಕ್ಕ. ನಾಚಿಕೆ ಬಿಟ್ಟು ಒಂದು ಮಾತು ಕೇಳಿದ್ದರೆ ಸಾಕಿತ್ತು. ತಪ್ಪಾಯಿತೆಂದೂ ಹೇಳದೆ ತಲೆ ಬಗ್ಗಿಸಿಕೊಂಡು ಬಂದುಬಿಟ್ಟೆ. ಮೂರು ದಿನದಿಂದ ಅನ್ನ ಸೇರುತ್ತಿಲ್ಲ.

ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಅಮ್ಮನ ಆಶೀರ್ವಾದ.

ನಿನ್ನ ತಮ್ಮ
ಕದಿರಪ್ಪ

ನಿನ್ನೆ ಬರೆದ ಈ ಕಾಗದ ಇನ್ನೂ ನನ್ನಲ್ಲೇ ಇದೆ. ಟಪಾಲಿಗೆ ಹೊತ್ತಾಯಿತು, ಆದರೂ ಇದನ್ನು ಬರೆಯಲೇಬೇಕು. ಪಟ್ಟಿಯನ್ನೆಲ್ಲ ಮತ್ತೆ ಕೇಳಿ ಬರೆಯುತ್ತೇನೆಂದು ಶಾನುಭೋಗರಿಗೆ ಹೇಳಿ ಬೈಸಿಕೊಂಡೆ. ಈ ಬೆಳಿಗ್ಗೆ ಮೊದಲು ಅಶ್ವತ್ಥಮ್ಮನಲ್ಲಿಗೇ ಹೋದೆ. ತಪ್ಪಾಯಿತು ಎಂದು ಅವಳೆದುರೇ ಆ ಮೂರನ್ನು ಗೀಟೆಳೆದು ಹೊಡೆದುಹಾಕಲು ಕೂತೆ. ಅವಳು ಪಕ್ಕಕ್ಕೆ ಬಂದು ಕೂತು, 'ಮೆಲ್ಲಗೆ ಹೊಡಿಯಪ್ಪ' ಎಂದಳು. ಮೆಲ್ಲಗೆ ಹೊಡೆದು, ಎರಡು ಬರೆದೆ.