ಡಬ್ಬಿಯ ಮೇಲಿನ ಹೆಸರು

ಕುಮಟಾ, ಸೋಮವಾರ

ಆಯಿ,

ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ. ಅದಕ್ಕೇ ನಿನ್ನ ಉಂಡೆಯ ಖಾಲಿ ಡಬ್ಬಿಯೊಳಗೆ ಈ ಕಾಗದ ಇಟ್ಟು ಊರಿಗೆ ಬರುವ ಕತಗಾಲದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ.

ನನಗೆ ಕಾಯಿಲೆ ಇಲ್ಲ, ಅತ್ತೆ ನನ್ನನ್ನು ಉಪವಾಸ ಕೆಡವಿಯೂ ಇಲ್ಲ. ಯೋಗ ಶುರು ಮಾಡಿದ ಮೂರು ತಿಂಗಳಲ್ಲಿ ಐದು ಕಿಲೋ ಇಳಿದಿದ್ದೇನೆ, ಅಷ್ಟೇ. ನನ್ನ ಪಕ್ಕದಲ್ಲೇ ಚಾಪೆ ಹಾಸಿ ಅದೇ ಆಸನಗಳನ್ನು ಮಾಡುವ ಅತ್ತೆ ಮಾತ್ರ ನಾಲ್ಕು ಕಿಲೋ ಏರಿದ್ದಾರೆ. ನಮ್ಮಿಬ್ಬರನ್ನು ಪೇಟೆಯಲ್ಲಿ ಒಟ್ಟಿಗೆ ಕಂಡವರು ತಾವೇ ಕಥೆ ಕಟ್ಟಿ ನಿನಗೆ ಮುಟ್ಟಿಸುತ್ತಾರೆ. ನೀನು ಮತ್ತೊಂದು ಡಬ್ಬಿ ತುಪ್ಪದ ಉಂಡೆ ಕಳಿಸುತ್ತೀ. ಅದನ್ನು ತಿನ್ನುವವರು ಅತ್ತೆ. ಯೋಗದ ಟೀಚರು ನನ್ನನ್ನೇ ಕರೆದು, "ಅವರಿಗೆ ಮನೇಲಿ ಎಂತ ಕೊಡ್ತೀರಿ?" ಎಂದು ಕೇಳಿದರು.

ಉಂಡೆ ಇನ್ನು ಬೇಡ ಎಂದು ನಿನಗೆ ಬರೆಯುತ್ತೇನೆಂದು ನಿನ್ನೆ ಅತ್ತೆಗೆ ಹೇಳಿದೆ. ಅವರು ಡಬ್ಬಿ ತೊಳೆಯುತ್ತ, "ಆತು. ನಂಗೆ ಅಪ್ಪನ ಮನೆಯಿಂದ ಒಂದು ದಿನನೂ ಎಂತದೂ ಬಂದಿದ್ದಿಲ್ಲೆ" ಎಂದರು.

ಮುಂದಿನ ಸಲ ಅರ್ಧ ಡಬ್ಬಿ ಸಾಕು. ಮುಚ್ಚಳದ ಮೇಲೆ ನನ್ನ ಹೆಸರು ಬೇಡ, ಅತ್ತೆಯದು ಬರೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ 'ಪರಮೇಶ್ವರಿ' ಎಂದು ಕೂಗಲಿ. ತೆಗೆದುಕೊಳ್ಳಲು ಅವರನ್ನೇ ಕಳಿಸುತ್ತೇನೆ.

ಸೊರಗದ ನಿನ್ನ ಮಗಳು,
ಅರ್ಚಿತಾ