ಓಣಿಯ ಬದಿಯ ಗೋಡೆ

ಅಕ್ಟೋಬರ್ 6, ಸೋಮವಾರ

ಇಂದೂ ಪಿನ್ನರ್‌ನಲ್ಲಿ ಹೊಸದಾಗಿ ಕೊಂಡ ಇಟ್ಟಿಗೆ ಮನೆಗೆ ಹೋಗಿ ಬಂದೆ. ಮೂರು ಗೋಡೆಗಳ ಹೊರಮೈಗೆ ಇನ್ಸುಲೇಷನ್ ಹಲಗೆ ಅಂಟಿಸಿ ಆಯಿತು. ಹನ್ನೆರಡು ಸೆಂಟಿಮೀಟರ್ ದಪ್ಪ, ಎತ್ತಿದರೆ ಹಪ್ಪಳದಷ್ಟು ಹಗುರ. ಇದು ಚಳಿ ತಡೆಯುವುದು ಹೇಗೆ? ಕೆಲಸ ಹಿಡಿದಿರುವ ವೀರಭದ್ರನನ್ನು ಕೇಳಿದೆ. ವಿಜಯಪುರದವನು, ನಮ್ಮ ಹಾಗೆ ಈ ದೇಶಕ್ಕೆ ಬಂದು ಈಗ ಸೌತ್‌ಹಾಲ್ ವಾಸಿ.

"ತಡಿಯೋದು ಹಲಗಿ ಅಲ್ರೀ ಅಕ್ಕಾರ, ಅದರಾಗ ಸಿಕ್ಕೊಂಡ ಗಾಳಿ."

ನಾಲ್ಕನೆಯ ಗೋಡೆ ಬಾಕಿ. ಅದರ ಪಕ್ಕ ಕಿರಿದಾದ ಓಣಿ, ಆಚೆ ಮಿಸೆಸ್ ಹ್ಯಾಲೊರನ್ ಮನೆ. ಓಣಿ ಇಬ್ಬರಿಗೂ ಸೇರಿದ್ದು. ಅಲ್ಲಿ ಸ್ಕ್ಯಾಫೋಲ್ಡಿಂಗ್ ಕಂಬ ನೆಟ್ಟು ಅಟ್ಟ ಕಟ್ಟಲು ಅವರು ಒಪ್ಪಬೇಕು. ಅವರ ಸೋದರಳಿಯನಿಂದ ಈಮೇಲ್ — ಬೇಡ. ಕಾರಣ ಬರೆದಿಲ್ಲ.

ಅಕ್ಟೋಬರ್ 9

ನವೆಂಬರ್ ಕೊನೆಗೆ ಗ್ರೀನ್‌ಫರ್ಡ್‌ನ ಬಾಡಿಗೆ ಫ್ಲಾಟ್ ಬಿಡಬೇಕು. ಚಳಿ ಐದು ಡಿಗ್ರಿಗಿಂತ ಕೆಳಗಿಳಿದರೆ ಹಲಗೆಯ ಮೇಲೆ ಬಳಿಯುವ ಗಾರೆ ಹಿಡಿಯುವುದಿಲ್ಲವಂತೆ. ಗಂಡ ಅನಿಕೇತನಿಗೆ ನನ್ನ ಕುತೂಹಲಕ್ಕಿಂತ ಆ ಸೋದರಳಿಯನಿಗೆ ವಕೀಲರ ಪತ್ರ ಕಳಿಸುವುದೇ ಮೇಲು. ನನಗೋ... ಯಾಕೆ ಬೇಡ?

ಅಕ್ಟೋಬರ್ 14, ಬೆಳಿಗ್ಗೆ 8.30

ಗೊತ್ತಾಯಿತು. ಮಿಸೆಸ್ ಹ್ಯಾಲೊರನ್ ಓಣಿಯಲ್ಲಿ ನಡೆದು ಬರುತ್ತಿದ್ದರು. ಎಂಬತ್ತರ ಹೆಂಗಸು, ಬಲಗೈ ಬೆರಳುಗಳು ನಮ್ಮ ಗೋಡೆಯ ಮೇಲೆ. ಕಣ್ಣು ಕಾಣುವುದಿಲ್ಲ. ಇಷ್ಟು ತಿಂಗಳು ನಮಗೆ ತಿಳಿದೇ ಇರಲಿಲ್ಲ!

ಮಾತನಾಡಿಸಿದೆ. ಹಿಂದಿನ ಗೇಟು ದಾಟಿದರೆ ಬಸ್ ಸ್ಟಾಪ್. ದೊಡ್ಡ ರಸ್ತೆ ದಾಟಬೇಕಿಲ್ಲ. ದಿನಾ ಒಬ್ಬರೇ ಹೋಗುತ್ತಾರೆ. ಗೋಡೆಯ ಇಟ್ಟಿಗೆಗಳ ನಡುವಿನ ಸಂದು ಎಣಿಸುತ್ತಾರೆ. ಇಪ್ಪತ್ತೊಂದಾದರೆ ಗೇಟು. ಕಂಬ ನೆಟ್ಟರೆ ಮೂರು ವಾರ ಯಾರದಾದರೂ ಕೈ ಹಿಡಿಯಬೇಕು. ಹಾಗೆಂದು ಸೋದರಳಿಯನಿಗೆ ಹೇಳಿದರೆ ಕೇರ್ ಹೋಮ್‌ಗೆ, ವೃದ್ಧಾಶ್ರಮಕ್ಕೆ, ಸೇರಿಸುವ ಮಾತು ತೆಗೆಯುತ್ತಾನಂತೆ. ಅದಕ್ಕೇ ಕಾರಣ ಹೇಳಲಿಲ್ಲ.

ಅಕ್ಟೋಬರ್ 15

ವೀರಭದ್ರ ತಲೆ ಕೆರೆದುಕೊಂಡ. ಕಂಬ ಬೇಡ, ಗಾಲಿಯ ಅಟ್ಟ ತರುತ್ತೇನೆ ಎಂದ. ಅವರು ಹೋಗುವಾಗ, ಬರುವಾಗ ಹೊರಗೆ ತಳ್ಳಬೇಕು. ಒಂದು ವಾರ ಹೆಚ್ಚು. ಮಿಸೆಸ್ ಹ್ಯಾಲೊರನ್ ಒಪ್ಪಿದರು. ಅನಿಕೇತ ಫೋನು ತೆಗೆದು ನವೆಂಬರಿನ ಹವಾಮಾನ ನೋಡಿದ.

ನವೆಂಬರ್ 12

ಹಲಗೆ, ಜಾಲರಿ, ಮೊದಲ ಗಾರೆ ಮುಗಿದವು. ಗೋಡೆ ನುಣುಪು. ಬೆಳಿಗ್ಗೆ ಮಿಸೆಸ್ ಹ್ಯಾಲೊರನ್ ನಡು ಓಣಿಯಲ್ಲಿ ನಿಂತುಬಿಟ್ಟಿದ್ದರು. ಅಂಗೈ ಅತ್ತಿತ್ತ ಸವರುತ್ತಾ.

"ನಿಮ್ಮ ಗೋಡೆ ಮಾತು ನಿಲ್ಲಿಸಿದೆ," ಎಂದರು. ದೂರಿನ ದನಿಯಲ್ಲ.

ನಾಚಿಕೆಯಾಯಿತು. ದಾರಿ ಬಿಟ್ಟುಕೊಟ್ಟೆವು ಎಂದು ಬೀಗುತ್ತಿದ್ದೆ. ದಾರಿ ಇದ್ದದ್ದು ಗೋಡೆಯಲ್ಲಿ.

ಅದೇ ದಿನ, ಸಂಜೆ

ಸಂದಿನ ಜಾಗದಲ್ಲಿ ಗೀರು ಹಾಕಬಹುದೇ ಎಂದು ಕೇಳಿದೆ. ಗೀರಿನಲ್ಲಿ ನೀರು ನಿಲ್ಲುತ್ತದೆ ಎಂದ ವೀರಭದ್ರ. ಆಮೇಲೆ ತಾನೇ —

"ಉಬ್ಬು ಮಾಡೋಣ್ರೀ. ಬೆರಳಿನಷ್ಟು. ಆದ್ರ ಅರ್ಧ ದಿನ ಹೋಗ್ತದ. ಶನಿವಾರದಿಂದ ಥಂಡಿ ಐತಿ."

ಹೊಸ ಗೋಡೆಗೆ ಬಾಸುಂಡೆಯೇ ಎಂದ ಅನಿಕೇತ. ಮಳೆ ಇಳಿದರೆ ಕಲೆಯಾಗುತ್ತದೆ ಎಂದ. ಆಗಬಹುದು. ಮಾಡಿ ಎಂದೆ.

ನವೆಂಬರ್ 14, ಶುಕ್ರವಾರ

ಏಳು ಡಿಗ್ರಿ. ಕೊನೆಯ ಗಾರೆ. ಅನಿಕೇತ ರಜೆ ಹಾಕಿ ಬಂದ! ಟೇಪು ಹಿಡಿದು ಸೊಂಟದೆತ್ತರಕ್ಕೆ ಗುರುತು ಮಾಡಿದ್ದು ಅವನೇ. ಹಳೆಯ ಸಂದುಗಳ ಲೆಕ್ಕಕ್ಕೆ ಸರಿಯಾಗಿ, ಪ್ರತಿ ಇಪ್ಪತ್ತೆರಡೂವರೆ ಸೆಂಟಿಮೀಟರಿಗೆ ಒಂದು ಉಬ್ಬು, ಒಟ್ಟು ಇಪ್ಪತ್ತೊಂದು. ಮಧ್ಯಾಹ್ನ ಮೂರಕ್ಕೆ ಮುಗಿಯಿತು. ರಾತ್ರಿಯ ಚಳಿಗೆ ಗೋಣಿಪಟ್ಟೆ ಕಟ್ಟಿದೆವು.

ನವೆಂಬರ್ 30

ಬಂದು ಸೇರಿದೆವು. ಹೊರಗೆ ಎರಡು ಡಿಗ್ರಿ, ಒಳಗೆ ಹತ್ತೊಂಬತ್ತು. ಹೀಟಿಂಗ್ ಬೆಳಿಗ್ಗೆಯೇ ಆರಿಸಿದ್ದೆ. ಮತ್ತೆ ಮತ್ತೆ ಗೋಡೆ ಮುಟ್ಟಿ ನೋಡುತ್ತೇನೆ.

ಮಿಸೆಸ್ ಹ್ಯಾಲೊರನ್ ನಿಲ್ಲದೆ ಗೇಟು ತಲುಪಿದರು. ತಿರುಗಿ ಕೇಳಿದರು, ಗೋಡೆಯ ಬಣ್ಣ ಯಾವುದು? ಇಪ್ಪತ್ತಾರನೆಯ ವಯಸ್ಸಿನವರೆಗೆ ಅವರಿಗೆ ಕಣ್ಣು ಕಾಣುತ್ತಿತ್ತಂತೆ. ನಾನೇ ಆರಿಸಿದ ಬಣ್ಣ. ಬರಿಯ ಹೆಸರು ಸಾಲದು ಅನಿಸಿತು. ನಾಳೆ ಬೆಳಕಿನಲ್ಲಿ ನೋಡಿ ಹೇಳುತ್ತೇನೆ ಎಂದೆ.

ಡಿಸೆಂಬರ್ 1, ಬೆಳಿಗ್ಗೆ 8.10

ಓಣಿಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಕೆನೆ ಬಣ್ಣ? ಅಲ್ಲ. ನೆನೆಸಿದ ಹೆಸರುಬೇಳೆ... ಅದು ಅವರಿಗೆ ಗೊತ್ತಿಲ್ಲ. ಹಾಲು ಹೆಚ್ಚಾದ ಟೀ? ಹತ್ತಿರ. ಬಿಸಿಲು ಬಿದ್ದ ಕಡೆ ಬೇರೆ, ನೆರಳಲ್ಲಿ ಬೇರೆ. ಅವರ ಬಾಗಿಲು ತೆರೆಯಿತು. ಬಹುಶಃ ಹೀಗೆ ಹೇಳಬೇಕು — ಹಾಲು ಹೆಚ್ಚಾದ ಟೀ, ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇಟ್ಟ ಹಾಗೆ.